ಕೈತೋಟದಲ್ಲಿ ಜೊಂಡಿನ ಬಳಗ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡುವವರಿಗೆ ನೀರಿನ ಅಂಚಿನಲ್ಲಿ ಎತ್ತರವಾಗಿ ಬೆಳೆದ ಜೊಂಡು ಪರಿಚಿತವಾದದ್ದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಿತವಾದ ಈ ಕೆರೆಯಲ್ಲಿ ಜೊಂಡನ್ನು ಯಾರೂ ನೆಟ್ಟು ಬೆಳೆಸಲಿಲ್ಲ. ನೀರು, ಕೆಸರು, ಬಿಸಿಲು ಇವು ಮೂರೂ ಒದಗಿದೆಡೆಯಲ್ಲಿ ಅದು ತಾನಾಗಿಯೇ ಬರುತ್ತದೆ. ಅದೇ ನಗರದ ಬಡಾವಣೆಗಳಲ್ಲಿ ಮನೆಗಳ ಮುಂದೆ ನೋಡಿದರೆ, ಛತ್ರಿ ಹುಲ್ಲು, ಪೆಪೈರಸ್, ಕಾಬಾಳೆ ಮೊದಲಾದ ಗಿಡಗಳನ್ನು ಜನರು ಹಣ ಕೊಟ್ಟು ತಂದು, ತೊಟ್ಟಿಗಳಲ್ಲಿಟ್ಟು ಆರೈಕೆ ಮಾಡುತ್ತಿರುವುದು ಕಾಣುತ್ತದೆ. ಕೆರೆಯಲ್ಲಿ ಕಳೆ ಎನಿಸಿಕೊಂಡ ರೂಪವೇ ಅಂಗಳದಲ್ಲಿ ಅಲಂಕಾರವೆನಿಸಿಕೊಳ್ಳುತ್ತದೆ.

ಇದರಲ್ಲಿ ವಿರೋಧವೇನೂ ಇಲ್ಲ. ಆದರೆ ಒಂದು ಎಚ್ಚರಿಕೆ ಅಡಗಿದೆ. ಈ ಗಿಡಗಳನ್ನು ನಮ್ಮ ತೋಟಕ್ಕೆ ಒಪ್ಪುವಂತೆ ಮಾಡುವ ಗುಣಗಳೇ, ಅಂದರೆ ಬೇಗ ಬೆಳೆಯುವಿಕೆ, ಕೆಸರಿಗೆ ಅಂಜದಿರುವಿಕೆ, ತುಂಡಿನಿಂದಲೂ ಚಿಗುರುವ ಶಕ್ತಿ ಇವೇ, ತೋಟದ ಎಲ್ಲೆಯನ್ನು ದಾಟಿದಾಗ ಕೆರೆಕಾಲುವೆಗಳಿಗೆ ಕೇಡು ತರಬಲ್ಲವು. ಆದುದರಿಂದ ಇವನ್ನು ಬೆಳೆಸುವ ಮೊದಲು ಇವುಗಳ ಶರೀರರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಲೇಸು.

ಒಂದೇ ರೂಪ, ಬೇರೆ ಬೇರೆ ಕುಲ

ಜೊಂಡಿನಂತೆ ಕಾಣುವ ಗಿಡಗಳೆಲ್ಲ ಒಂದೇ ಕುಟುಂಬಕ್ಕೆ ಸೇರಿದವಲ್ಲ. ನೆಟ್ಟಗೆ ನಿಂತ ಕಡ್ಡಿ, ಉದ್ದನೆಯ ಎಲೆ, ನೀರಿನ ನೆರೆ ಇವು ಸಮಾನ ಲಕ್ಷಣಗಳಾದರೂ ಒಳಗಿನ ಕಟ್ಟಡ ಬೇರೆ ಬೇರೆ. ಇವನ್ನು ಗುರುತಿಸಲು ಸೂಕ್ಷ್ಮದರ್ಶಕವೇನೂ ಬೇಡ, ಬೆರಳುಗಳೇ ಸಾಕು.

ಕಡ್ಡಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ಹೊರಳಿಸಿ ನೋಡಿರಿ. ಅದು ದುಂಡಗಿದ್ದು, ಅಲ್ಲಲ್ಲಿ ಗಿಣ್ಣುಗಳಿದ್ದು, ಗಿಣ್ಣುಗಳ ನಡುವೆ ಪೊಳ್ಳಾಗಿದ್ದರೆ ಅದು ಹುಲ್ಲಿನ ಕುಟುಂಬದ್ದು. ಬಿದಿರು, ಕಬ್ಬು, ಭತ್ತಗಳ ನಂಟು ಇದಕ್ಕುಂಟು. ಕಬ್ಬಿನ ಕಡ್ಡಿ ಮಾತ್ರ ಒಳಗೆ ತುಂಬಿಕೊಂಡಿರುತ್ತದೆ. ಹಿಂದಿನವರು ಬರೆಯಲು ಬಳಸುತ್ತಿದ್ದ ಲಾಳದ ಕಡ್ಡಿ ಇಂಥ ಹುಲ್ಲುಗಳಿಂದಲೇ ದೊರೆಯುತ್ತಿದ್ದಿತು. ಕಡ್ಡಿಯು ಮೂರು ಮೂಲೆಗಳುಳ್ಳದ್ದಾಗಿ, ಗಿಣ್ಣಿಲ್ಲದೆ, ಒಳಗೆ ಬೆಂಡು ತುಂಬಿದ್ದರೆ ಅದು ಸೈಪರಸ್ ಕುಟುಂಬದ್ದು. ಈಜಿಪ್ಟಿನ ಪೆಪೈರಸ್ಸೂ, ನಮ್ಮ ಗದ್ದೆತೋಟಗಳಲ್ಲಿ ರೈತರನ್ನು ಗೋಳಾಡಿಸುವ ಕೊನ್ನಾರಿ ಗಡ್ಡೆಯೂ ದಾಯಾದಿಗಳು. ಛತ್ರಿ ಹುಲ್ಲಿಗೆ ಹುಲ್ಲೆಂಬ ಹೆಸರಿದ್ದರೂ ಅದು ಈ ಕುಟುಂಬದ್ದೇ.

ಕೆರೆಯ ಜೊಂಡು, ಅಂದರೆ ಆಪು, ಟೈಫ ಎಂಬ ಮೂರನೆಯ ಕುಲದ್ದು. ಬತ್ತಿಯಂತೆ ದುಂಡಗಿರುವ ಅದರ ಕಂದು ಬಣ್ಣದ ತೆನೆಯಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಒಂದೊಂದು ತೆನೆಯಲ್ಲಿಯೂ ಲಕ್ಷದ ಲೆಕ್ಕದಲ್ಲಿ ಬೀಜಗಳಿರುತ್ತವೆ. ಒಂದೊಂದಕ್ಕೂ ನವಿರಾದ ಕೂದಲಿದ್ದು ಗಾಳಿಯಲ್ಲಿ ಹಾರಿಹೋಗುತ್ತವೆ.

ಕಾಬಾಳೆಯದು ನಾಲ್ಕನೆಯ ಕುಲ. ಅದು ಬಾಳೆ, ಶುಂಠಿಗಳ ಗುಂಪಿಗೆ ಹತ್ತಿರದ್ದು. ಅದರ ಎಲೆಯನ್ನು ನೋಡಿ ಜೊಂಡಿನ ನೆನಪು ಯಾರಿಗೂ ಬರಲಾರದು. ಆದರೂ ಸಸ್ಯಶಾಸ್ತ್ರಜ್ಞರು ಅದಕ್ಕೆ ಕೊಟ್ಟ ‘ಕ್ಯಾನ’ ಎಂಬ ಹೆಸರು ಲ್ಯಾಟಿನ್ ಭಾಷೆಯಲ್ಲಿ ಜೊಂಡು ಎಂಬ ಅರ್ಥವನ್ನೇ ಕೊಡುತ್ತದೆ. ಪೊಳ್ಳು ಕಡ್ಡಿಯ ನೆನಪನ್ನುಳಿಸಿಕೊಂಡು ಅದೇ ಮಾತಿನಿಂದ ಕೆನಾಲ್ ಎಂಬ ಕಾಲುವೆಯ ಹೆಸರೂ, ಕ್ಯಾನನ್ ಎಂಬ ಫಿರಂಗಿಯ ಹೆಸರೂ ಹುಟ್ಟಿದವು.

ಕೆಸರಿನಲ್ಲಿ ಉಸಿರಾಟ

ತೋಟದ ಸಾಮಾನ್ಯ ಗಿಡದ ಬುಡದಲ್ಲಿ ವಾರಗಟ್ಟಲೆ ನೀರು ನಿಂತರೆ ಅದು ಸಾಯುತ್ತದೆ. ಸಾಯುವುದು ನೀರು ಹೆಚ್ಚಾದುದರಿಂದಲ್ಲ, ಉಸಿರುಕಟ್ಟಿ. ಬೇರುಗಳಿಗೂ ಆಮ್ಲಜನಕ ಬೇಕು. ಒಣಮಣ್ಣಿನ ಕಣಗಳ ನಡುವೆ ಗಾಳಿಯಿರುತ್ತದೆ. ನೀರು ತುಂಬಿದಾಗ ಆ ಗಾಳಿ ಹೊರಬೀಳುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತುಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಉಳಿದಿದ್ದ ಅಲ್ಪಸ್ವಲ್ಪವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಬಹುಬೇಗ ಬಳಸಿಬಿಡುತ್ತವೆ. ಕೆರೆಯ ಕೆಸರು ಕಪ್ಪಗಿದ್ದು ಕೊಳೆತ ಮೊಟ್ಟೆಯಂತೆ ನಾರುವುದು ಈ ಆಮ್ಲಜನಕದ ಅಭಾವದಿಂದಲೇ.

ಹಾಗಾದರೆ ಜೊಂಡು ಅಲ್ಲಿ ಹೇಗೆ ಬದುಕುತ್ತದೆ? ಅದರ ಎಲೆಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಉತ್ತರ ಕಣ್ಣಿಗೆ ಬೀಳುತ್ತದೆ. ಒಳಗೆ ಸಾಲುಸಾಲಾಗಿ ಪುಟ್ಟ ಕೋಣೆಗಳು. ಕೋಣೆಗಳ ತುಂಬ ಗಾಳಿ. ಈ ಗಾಳಿಯ ದಾರಿ ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಕೆಸರಿನೊಳಗೆ ಅಡ್ಡಲಾಗಿ ಹರಿಯುವ ಬೇರುಗೆಡ್ಡೆಗೆ, ಅಲ್ಲಿಂದ ಬೇರಿನ ತುದಿಯವರೆಗೆ ಇಳಿಯುತ್ತದೆ. ನೀರಿನೊಳಗೆ ಮುಳುಗಿ ಕೆಲಸಮಾಡುವವನಿಗೆ ಮೇಲಿನಿಂದ ಕೊಳವೆಯಲ್ಲಿ ಗಾಳಿ ಬಿಡುವಂತೆ, ಇದು ಗಿಡವು ತನ್ನ ಬೇರುಗಳಿಗೆ ಮಾಡಿಕೊಂಡ ಏರ್ಪಾಡು. ತಾವರೆಯ ಎಲೆಯ ದಂಟನ್ನು ಕತ್ತರಿಸಿ, ಒಂದು ತುದಿಯನ್ನು ನೀರಿನಲ್ಲದ್ದಿ, ಮತ್ತೊಂದರಿಂದ ಊದಿದರೆ ಗುಳ್ಳೆಗಳೇಳುತ್ತವೆ. ಇದೇ ಏರ್ಪಾಟಿನ ಸುಲಭ ಪ್ರದರ್ಶನವಿದು. ಮಕ್ಕಳೂ ಮಾಡಿ ನೋಡಬಹುದು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದುಂಟು. ಜೊಂಡಿನ ಅನೇಕ ಜಾತಿಗಳಲ್ಲಿ ಗಾಳಿಯು ಸುಮ್ಮನೆ ಒಳಗೆ ನಿಂತಿರುವುದಿಲ್ಲ, ಅದು ಹರಿಯುತ್ತದೆ. ಎಳೆಯ ಎಲೆಗಳೊಳಗೆ ತೇವ ಹೆಚ್ಚು, ಹೊರಗಿನ ಗಾಳಿಯಲ್ಲಿ ಕಡಮೆ. ಈ ವ್ಯತ್ಯಾಸದಿಂದ ಅತಿ ಸಣ್ಣ ರಂಧ್ರಗಳ ಮೂಲಕ ಹೊರಗಿನ ಗಾಳಿ ಒಳಸೇರಿ, ಎಲೆಯೊಳಗೆ ಒತ್ತಡವನ್ನು ಸ್ವಲ್ಪ ಏರಿಸುತ್ತದೆ. ಆ ಒತ್ತಡವು ಗಾಳಿಯನ್ನು ಬೇರುಗೆಡ್ಡೆಯವರೆಗೆ ತಳ್ಳುತ್ತದೆ. ಅಲ್ಲಿಂದ ಅದು ಹಳೆಯ, ಮುರಿದ, ಒಣಗಿದ ಕಡ್ಡಿಗಳ ಮೂಲಕ ಹೊರಹೋಗುತ್ತದೆ. ಸತ್ತಂತೆ ಕಾಣುವ ಒಣಕಡ್ಡಿಯೂ ಗಿಡಕ್ಕೆ ಹೊಗೆಗೂಡಿನಂತೆ ಸೇವೆಮಾಡುತ್ತಿರುತ್ತದೆ. ಈ ವಿಷಯವನ್ನು ನೆನಪಿನಲ್ಲಿಡಬೇಕು. ಮುಂದೆ ಜೊಂಡನ್ನು ಹತೋಟಿಯಲ್ಲಿಡುವ ಮಾತು ಬಂದಾಗ ಇದು ನಮಗೆ ಬೇಕಾಗುತ್ತದೆ.

ಲೇಖನಿಯಿಂದ ನಾದದವರೆಗೆ

ಪೊಳ್ಳಾದರೂ ಗಟ್ಟಿಯಾದ ಇಂಥ ಕಡ್ಡಿಯು ಮನುಷ್ಯನಿಗೆ ಬಹು ಹಿಂದೆಯೇ ಉಪಯೋಗಕ್ಕೆ ಬಂದಿತು. ತುದಿಯನ್ನು ಓರೆಯಾಗಿ ಕೆತ್ತಿದರೆ ಲೇಖನಿ, ತೂತು ಕೊರೆದರೆ ಕೊಳಲು, ಸೀಳಿ ಹೆಣೆದರೆ ತಟ್ಟಿ. ಪೆಪೈರಸ್ಸಿನ ಬೆಂಡನ್ನು ತೆಳ್ಳಗೆ ಸೀಳಿ, ಒಂದು ಪದರದ ಮೇಲೆ ಇನ್ನೊಂದನ್ನು ಅಡ್ಡಲಾಗಿ ಹಾಸಿ, ಒತ್ತಿ ಒಣಗಿಸಿ ಈಜಿಪ್ಟಿನವರು ಬರೆಯುವ ಹಾಳೆಯನ್ನು ಮಾಡಿದರು. ಇಂಗ್ಲಿಷಿನ ‘ಪೇಪರ್’ ಎಂಬ ಮಾತು ಆ ಗಿಡದ ಹೆಸರಿನಿಂದಲೇ ಬಂದದ್ದು.

ಸಂಗೀತದಲ್ಲಿ ಈ ಬಳಗದ ಪಾಲು ಇನ್ನೂ ದೊಡ್ಡದು. ಸ್ಯಾಕ್ಸೊಫೋನು, ಕ್ಲಾರಿನೆಟ್ಟುಗಳ ಬಾಯಿಯಲ್ಲಿ ಕಂಪಿಸಿ ನಾದ ಹುಟ್ಟಿಸುವ ತೆಳುವಾದ ಪಟ್ಟಿಯು ಬಹುಮಟ್ಟಿಗೆ ಅರುಂಡೊ ಡೋನಾಕ್ಸ್ ಎಂಬ ಹುಲ್ಲಿನ ಕಡ್ಡಿಯಿಂದ ತಯಾರಾಗುತ್ತದೆ. ಫ್ರಾನ್ಸಿನ ದಕ್ಷಿಣದ ವಾರ್ ಪ್ರಾಂತವು ಇದಕ್ಕೆ ಪ್ರಸಿದ್ಧವಾದದ್ದು. ಮೈಸೂರಿಗೂ ಈ ಕಥೆಗೂ ಒಂದು ನಂಟುಂಟು. ದಕ್ಷಿಣ ಕನ್ನಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮಾರುಹೋಗಿ, ಆ ವಿದೇಶೀ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ವಾದ್ಯ ನಮ್ಮ ಕಚೇರಿಗಳಲ್ಲಿ ನೆಲೆನಿಂತಿತ್ತು. ವಾದ್ಯ ಹಿತ್ತಾಳೆಯದಾದರೂ ಅದರ ನಾದದ ಮೂಲ ಒಂದು ಹುಲ್ಲಿನ ಚೂರು.

ಯಾವುದನ್ನು ಬೆಳೆಸಬೇಕು?

ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರು ಎತ್ತರದಲ್ಲಿದೆ. ಚಳಿಗಾಲದಲ್ಲಿ ಹಿಮ ಬೀಳುವುದಿಲ್ಲ. ಬೇಸಗೆಯ ಬಿಸಿಲು ಸಹಿಸಲಾಗದಷ್ಟಲ್ಲ. ವರ್ಷದ ಮಳೆ ಸುಮಾರು 800 ಮಿಲಿಮೀಟರು. ಅದರ ಹೆಚ್ಚಿನ ಭಾಗ ಒಮ್ಮೆ ಮೇ ತಿಂಗಳ ಸುಮಾರಿಗೆ, ಮತ್ತೊಮ್ಮೆ ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಬೀಳುತ್ತದೆ. ಈ ಹವೆ ಜೊಂಡಿನ ಬಳಗಕ್ಕೆಲ್ಲ ಒಪ್ಪುತ್ತದೆ. ಮೊದಲ ಮಳೆಗಳು ಬಿದ್ದ ಮೇಲೆ ನೆಟ್ಟರೆ ಗಿಡ ಸುಲಭವಾಗಿ ನೆಲೆಯೂರುತ್ತದೆ.

ಕಾಬಾಳೆ: ಹೊಸಬರಿಗೆ ಇದಕ್ಕಿಂತ ಸುಲಭವಾದ ಗಿಡವಿಲ್ಲ. ಎರಡು ಮೂರು ಕಣ್ಣುಗಳುಳ್ಳ ಗೆಡ್ಡೆಯ ತುಂಡನ್ನು ಮೂರು ಅಂಗುಲ ಆಳದಲ್ಲಿ, ಒಂದೂವರೆ ಅಡಿ ಅಂತರದಲ್ಲಿ ನೆಡಬೇಕು. ಮೈಸೂರಿನ ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರವನ್ನು ಬೆರೆಸಿದರೆ ಸಾಕು. ಜೂನಿನಲ್ಲಿ ನೆಟ್ಟದ್ದು ದಸರೆಯ ಹೊತ್ತಿಗೆ ಹೂಬಿಡುತ್ತದೆ. ಹೂ ಮುಗಿದ ಕಾಂಡವನ್ನು ನೆಲಮಟ್ಟಕ್ಕೆ ಕೊಯ್ದರೆ ಪಕ್ಕದಿಂದ ಹೊಸ ಕಾಂಡ ಬರುತ್ತದೆ. ಬೀಜದಿಂದ ಬೆಳೆಸುವವರು ಅದರ ಕಪ್ಪು ಸಿಪ್ಪೆಯನ್ನು ಕಲ್ಲಿನ ಮೇಲೆ ಸ್ವಲ್ಪ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬೇಕು; ಇಲ್ಲವಾದರೆ ನೀರು ಒಳಗಿಳಿಯದೆ ಬೀಜ ಬಹುಕಾಲ ಮಲಗಿರುತ್ತದೆ. ಎಲೆಯ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕುರೋಗ. ಅಂಥ ಎಲೆಗಳನ್ನು ಕಿತ್ತು ಸುಡಬೇಕು. ಸುರುಳಿ ಸುತ್ತಿದ ಎಲೆಯೊಳಗೆ ಹುಳುವಿದ್ದರೆ ಕೈಯಿಂದಲೇ ತೆಗೆಯಬಹುದು.

ಕಾಬಾಳೆಯ ಹೂವನ್ನು ಬಿಡಿಸಿ ನೋಡುವುದೂ ಒಂದು ಪಾಠ. ನಾವು ದಳಗಳೆಂದು ಮೆಚ್ಚುವ ಬಣ್ಣದ ಭಾಗಗಳು ದಳಗಳೇ ಅಲ್ಲ. ಅವು ರೂಪ ಬದಲಾಯಿಸಿಕೊಂಡ ಪುಂಕೇಸರಗಳು. ನಿಜವಾದ ದಳಗಳು ಅವುಗಳ ಹಿಂದೆ ಕಿರಿದಾಗಿ, ಚೂಪಾಗಿ ಅಡಗಿವೆ. ಪರಾಗವನ್ನು ಕೊಡುವುದು ಒಂದೇ ಒಂದು ಕೇಸರದ ಅರ್ಧಭಾಗ ಮಾತ್ರ.

ಛತ್ರಿ ಹುಲ್ಲು: ಆಫ್ರಿಕದಿಂದ ಬಂದ ಈ ಗಿಡ ಮೂರು ನಾಲ್ಕು ಅಡಿ ಬೆಳೆದು, ಕಡ್ಡಿಯ ತುದಿಯಲ್ಲಿ ಎಲೆಗಳನ್ನು ಕೊಡೆಯ ಕಡ್ಡಿಗಳಂತೆ ಹರಡುತ್ತದೆ. ಅರೆನೆರಳಿನಲ್ಲಿಯೂ ಬದುಕುತ್ತದೆ. ಸಸಿ ಮಾಡುವ ವಿಧಾನ ಬಹು ಸ್ವಾರಸ್ಯವಾದದ್ದು. ಕೊಡೆಯಂಥ ತಲೆಯನ್ನು ಎರಡು ಅಂಗುಲ ಕಡ್ಡಿಯೊಂದಿಗೆ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಮೊಟಕುಮಾಡಿ, ತಲೆಕೆಳಗಾಗಿ ನೀರಿನ ಬಟ್ಟಲಿನಲ್ಲಿ ತೇಲಬಿಟ್ಟರೆ ಕೆಲವು ವಾರಗಳಲ್ಲಿ ನಡುವಿನಿಂದ ಬೇರೂ ಚಿಗುರೂ ಹೊರಡುತ್ತವೆ. ಪ್ರಕೃತಿಯಲ್ಲಿ ಬಾಗಿದ ಕಡ್ಡಿಯ ತುದಿ ನೀರನ್ನು ಮುಟ್ಟಿದಾಗ ನಡೆಯುವುದೂ ಇದೇ.

ಪೆಪೈರಸ್: ಹತ್ತು ಹನ್ನೆರಡು ಅಡಿಯವರೆಗೂ ಬೆಳೆಯುವ ಗಿಡ. ತುಂಬ ಬಿಸಿಲು, ಸದಾ ನೀರು, ಗಾಳಿಯಿಂದ ಮರೆ ಇವು ಮೂರೂ ಬೇಕು. ಎರಡಡಿ ಅಗಲ, ಒಂದೂವರೆ ಅಡಿ ಆಳದ ತಳಗಟ್ಟಿಯಾದ ಸಿಮೆಂಟು ತೊಟ್ಟಿಯಲ್ಲಿ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೆರೆಗೋಡು, ಒಂದು ಪಾಲು ಹಳೆಯ ಗೊಬ್ಬರ ತುಂಬಿ ನೆಡಬೇಕು. ಹಸಿಗೊಬ್ಬರವನ್ನು ಹಾಕಿದರೆ ನೀರು ಕೊಳೆತು ನಾರುತ್ತದೆ. ಎರಡು ವರ್ಷಕ್ಕೊಮ್ಮೆ ಬುಡವನ್ನು ಎತ್ತಿ, ಸೀಳಿ, ಹೊರಸುತ್ತಿನ ಎಳೆಯ ಭಾಗವನ್ನು ಮರಳಿ ನೆಡಬೇಕು.

ಬಿಳಿಪಟ್ಟೆಯ ಅರುಂಡೊ: ಎಲೆಗಳ ಮೇಲೆ ಹಾಲುಬಿಳಿಯ ಗೆರೆಗಳುಳ್ಳ ಈ ಪ್ರಭೇದ ನೋಡಲು ಬಲು ಚೆಲುವು. ಬಿಳಿಯ ಭಾಗದಲ್ಲಿ ಹಸಿರು ವಸ್ತುವಿಲ್ಲದಿರುವುದರಿಂದ ಇದು ತನ್ನ ಹಸಿರು ಸೋದರನಿಗಿಂತ ನಿಧಾನವಾಗಿ ಬೆಳೆಯುತ್ತದೆ. ಆದರೂ ಇದನ್ನು ನೆಲದಲ್ಲಿ ನೆಡಕೂಡದು, ತೊಟ್ಟಿಯಲ್ಲಿಯೇ ಇರಬೇಕು. ಕಾರಣವನ್ನು ಮುಂದೆ ನೋಡೋಣ.

ತೊಟ್ಟಿಯ ನೀರು ಮತ್ತು ಸೊಳ್ಳೆ

ನೀರಿನ ತೊಟ್ಟಿಯಿಟ್ಟವರು ಮರೆಯಬಾರದ ಸಂಗತಿಯೆಂದರೆ ಡೆಂಗೆ ಜ್ವರದ ಸೊಳ್ಳೆ ಮನೆಯ ಸುತ್ತಲಿನ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ನಮ್ಮ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನಗಳು ಸಾಕು. ಇದಕ್ಕೆ ಎರಡು ಉಪಾಯಗಳುಂಟು. ದೊಡ್ಡ ತೊಟ್ಟಿಯಾದರೆ ನಾಲ್ಕಾರು ಗಪ್ಪಿ ಮೀನುಗಳನ್ನು ಬಿಡುವುದು. ಅವು ಮರಿಹುಳುಗಳನ್ನು ತಿಂದುಹಾಕುತ್ತವೆ. ಸಣ್ಣದಾದರೆ ಮಣ್ಣಿನ ಮೇಲೆ ಜಲ್ಲಿಯನ್ನು ತುಂಬಿ, ನೀರಿನ ಮಟ್ಟವನ್ನು ಜಲ್ಲಿಗಿಂತ ಒಂದಂಗುಲ ಕೆಳಗೆ ಇಡುವುದು. ಗಿಡದ ಬೇರು ನೀರಿನಲ್ಲಿರುತ್ತದೆ. ಸೊಳ್ಳೆಗೆ ನೀರಿನ ಮೇಲ್ಮೈ ಸಿಕ್ಕುವುದಿಲ್ಲ. ಗಿಡದಡಿಯ ತಟ್ಟೆಗಳನ್ನು ವಾರಕ್ಕೊಮ್ಮೆ ತಪ್ಪದೆ ಒಣಗಿಸಬೇಕು. ತೊಟ್ಟಿಯ ಮೀನನ್ನು ಕೆರೆಗೆ ಬಿಡಕೂಡದು, ಅದೂ ಹೊರನಾಡಿನದೇ.

ಬಚ್ಚಲ ನೀರಿಗೆ ಕೆಲಸ

ನಮ್ಮ ಹಿರಿಯರು ಬಚ್ಚಲ ನೀರನ್ನು ಹಿತ್ತಲಿನ ಬಾಳೆ, ಕೆಸುಗಳ ಪಾತಿಗೆ ಹರಿಸುತ್ತಿದ್ದರು. ಈ ವಾಡಿಕೆಗೆ ಒಳ್ಳೆಯ ಶಾಸ್ತ್ರಾಧಾರವಿದೆ. ಜರ್ಮನಿಯಲ್ಲಿ ಕೇಟೆ ಜೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಜೊಂಡಿನ ಜಾತಿಯ ಗಿಡಗಳಿಂದ ಕೊಳೆನೀರನ್ನು ಶುದ್ಧಿಮಾಡುವ ಪ್ರಯೋಗಗಳನ್ನು ಆರಂಭಿಸಿದರು. ಇಂದು ಈ ವಿಧಾನ ಪ್ರಪಂಚದ ಅನೇಕ ಕಡೆಗಳಲ್ಲಿ ಬಳಕೆಯಲ್ಲಿದೆ. ಭಾರತದಲ್ಲಿ ಕಾಬಾಳೆಯನ್ನೂ ಇದಕ್ಕೆ ಬಳಸುತ್ತಾರೆ.

ಇಲ್ಲಿ ಶುದ್ಧಿಯ ಕೆಲಸವನ್ನು ಮಾಡುವುದು ಗಿಡವೊಂದೇ ಅಲ್ಲ. ಜಲ್ಲಿಕಲ್ಲಿನ ಮೇಲೆಯೂ ಬೇರಿನ ಮೇಲೆಯೂ ಪೊರೆಕಟ್ಟಿಕೊಂಡು ಬಾಳುವ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ. ಗಿಡವು ಪೊಳ್ಳು ಕಡ್ಡಿಯ ಮೂಲಕ ಕೆಳಗಿಳಿಸಿದ ಗಾಳಿಯಲ್ಲಿ ಸ್ವಲ್ಪ ಭಾಗ ಬೇರಿನಿಂದ ಸೋರಿ ಈ ಜೀವಿಗಳಿಗೆ ಒದಗುತ್ತದೆ. ಕೊಳೆಯಲ್ಲಿನ ಸಾರಜನಕ, ರಂಜಕಗಳ ಒಂದಂಶವನ್ನು ಗಿಡ ತಾನೇ ಹೀರಿಕೊಂಡು ಬೆಳೆಯುತ್ತದೆ.

ಅಡಿಗೆಮನೆಯ ನೀರಿಗಾಗಿ ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳದ, ನೀರು ಇಂಗದಂತೆ ಗಾರೆಮಾಡಿದ ತೊಟ್ಟಿಯೊಂದನ್ನು ಕಟ್ಟಿಸಬಹುದು. ಮೊದಲು ಒಂದು ಸಣ್ಣ ಗುಂಡಿಯಲ್ಲಿ ಜಿಡ್ಡೂ ಅನ್ನದಗುಳೂ ತಂಗಬೇಕು. ಅದನ್ನು ಆಗಾಗ ಶುಚಿಮಾಡಬೇಕು. ಅಲ್ಲಿಂದ ನೀರು ಜಲ್ಲಿ ತುಂಬಿದ ತೊಟ್ಟಿಯ ಒಂದು ತುದಿಯನ್ನು ಸೇರಿ, ಕಾಬಾಳೆ, ಛತ್ರಿ ಹುಲ್ಲುಗಳ ಬೇರುಗಳ ನಡುವೆ ನಿಧಾನವಾಗಿ ಹರಿದು, ಇನ್ನೊಂದು ತುದಿಯಿಂದ ಬಾಳೆಗೋ ತೆಂಗಿಗೋ ಹೋಗಬೇಕು. ನೀರಿನ ಮಟ್ಟ ಯಾವಾಗಲೂ ಜಲ್ಲಿಯ ಕೆಳಗೇ ಇರತಕ್ಕದ್ದು. ಸ್ನಾನದ ನೀರನ್ನೂ ಸೇರಿಸುವುದಾದರೆ ತೊಟ್ಟಿ ಇನ್ನೂ ದೊಡ್ಡದಾಗಬೇಕು. ಒಬ್ಬೊಬ್ಬರಿಗೆ ಒಂದೆರಡು ಚದರ ಮೀಟರು ಎಂಬ ಲೆಕ್ಕ ಸಾಮಾನ್ಯ. ಪಾಯಿಖಾನೆಯ ನೀರನ್ನು ಇದಕ್ಕೆ ಬಿಡಲೇಕೂಡದು. ಹೊರಬಂದ ನೀರು ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವಲ್ಲ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಗಳಿಗೂ ಹಾಕಬಾರದು. ಕಾವೇರಿಯ ನೀರನ್ನು ನೆಚ್ಚಿರುವ ನಗರದಲ್ಲಿ ಒಂದೇ ನೀರು ಎರಡು ಸಲ ಕೆಲಸಕ್ಕೆ ಬಂದರೆ ಅದು ಸಣ್ಣ ಲಾಭವಲ್ಲ.

ಬೇಲಿ ದಾಟದಿರಲಿ

ಇನ್ನು ಎಚ್ಚರಿಕೆಯ ಮಾತು. ಅರುಂಡೊ ಹುಲ್ಲು ಹೊರನಾಡುಗಳಲ್ಲಿ ಸಾಮಾನ್ಯವಾಗಿ ಮೊಳೆಯುವ ಬೀಜವನ್ನು ಕೊಡುವುದಿಲ್ಲ. ಆದರೂ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅದು ಹೊಳೆದಡಗಳನ್ನೆಲ್ಲ ಆಕ್ರಮಿಸಿತು. ಪ್ರವಾಹದಲ್ಲಿ ಕೊಚ್ಚಿಹೋದ ಒಂದೊಂದು ತುಂಡೂ ಒಂದೊಂದು ಮೆಳೆಯಾಯಿತು. ಪ್ರಪಂಚದಲ್ಲಿ ಅತಿ ಹೆಚ್ಚು ಹಾನಿಮಾಡುವ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಸೇರಿದೆ. ಅದೇ ಪಟ್ಟಿಯಲ್ಲಿರುವ ಅಂತರಗಂಗೆಯೂ, ಅಂದರೆ ನೇರಳೆ ಹೂವಿನ ನೀರುಕಳೆಯೂ, ಹೂವಿನ ಅಂದಕ್ಕಾಗಿಯೇ ದೇಶದಿಂದ ದೇಶಕ್ಕೆ ಹೋದದ್ದು. ಅದು ನಮ್ಮ ಕೆರೆಗಳಿಗೆ ಮಾಡಿದ ಹಾನಿಯನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ತೋಟದವರು ಕೆಲವು ನಿಯಮಗಳನ್ನು ಪಾಲಿಸಬೇಕು. ಸೀಳಿ ಉಳಿದ ಗೆಡ್ಡೆಗಳನ್ನು ಚರಂಡಿಗೋ ಖಾಲಿ ನಿವೇಶನಕ್ಕೋ ಎಸೆಯಬಾರದು. ಸಿಮೆಂಟು ನೆಲದ ಮೇಲೆ ಹರಡಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಅನಂತರ ಗೊಬ್ಬರದ ಗುಂಡಿಗೆ ಹಾಕಬೇಕು. ಮಳೆನೀರಿನ ಕಾಲುವೆಯ ಪಕ್ಕದಲ್ಲಿ ಈ ಗಿಡಗಳನ್ನು ನೆಡಬಾರದು. ಕೆರೆಯ ಜೊಂಡನ್ನು ಅಂಗಳಕ್ಕೆ ತರಬಾರದು; ಅದರ ಬೀಜ ಗಾಳಿಯಲ್ಲಿ ಹಾರುವುದರಿಂದ ತೊಟ್ಟಿಯ ಗೋಡೆ ಅದನ್ನು ತಡೆಯಲಾರದು.

ಊರಿನ ಕೆರೆಯಲ್ಲಿ ಜೊಂಡು ಮಿತಿಮೀರಿದಾಗ ಏನು ಮಾಡಬೇಕು? ನೀರಿನ ಮೇಲೆ ಕೊಯ್ದರೆ ಅದು ಮತ್ತೆ ಚಿಗುರುತ್ತದೆ. ಕತ್ತರಿಸಿದ ಮೋಟುಗಳೇ ಗಾಳಿಯ ಕೊಳವೆಗಳಾಗಿ ಬೇರುಗೆಡ್ಡೆಯನ್ನು ಬದುಕಿಸುತ್ತವೆ. ಹಸಿಕಡ್ಡಿಯೊಂದಿಗೆ ಒಣಕಡ್ಡಿಯನ್ನೂ ಸೇರಿಸಿ ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದು, ಮೋಟುಗಳು ಕೆಲವು ವಾರ ಮುಳುಗಿರುವಂತೆ ನೋಡಿಕೊಂಡರೆ ಗಾಳಿಯ ದಾರಿ ಮುಚ್ಚಿ, ಗೆಡ್ಡೆ ಕೆಸರಿನಲ್ಲಿಯೇ ಉಸಿರುಕಟ್ಟಿ ಕೊಳೆಯುತ್ತದೆ. ವಿಷದ ಹಂಗಿಲ್ಲದ ಉಪಾಯವಿದು. ಇಷ್ಟಾದರೂ ಕೆರೆಗೆ ಕೊಳೆನೀರು ಬರುವುದು ನಿಲ್ಲದಿದ್ದರೆ ಫಲವಿಲ್ಲ. ಕೊಳೆಯಲ್ಲಿರುವ ಸಾರವೇ ಜೊಂಡಿಗೆ ಗೊಬ್ಬರ.

ಹಾಗೆಂದು ಜೊಂಡನ್ನು ಬೇರುಸಹಿತ ನಿರ್ಮೂಲಮಾಡುವುದೂ ಸಲ್ಲದು. ನೇರಳೆ ಜಂಬುಕೋಳಿ ಗೂಡುಕಟ್ಟುವುದು ಅದರ ಮರೆಯಲ್ಲಿ. ಮೀನಿನ ಮರಿಗಳು ಅಡಗುವುದು ಅದರ ಬುಡದಲ್ಲಿ. ದಡದ ಮಣ್ಣು ಜರಿಯದಂತೆ ಹಿಡಿಯುವುದು ಅದರ ಬೇರು. ಕೆರೆಯ ಅಂಚಿನಲ್ಲಿ ಮಿತವಾದ ಜೊಂಡು, ಅಂಗಳದ ತೊಟ್ಟಿಯಲ್ಲಿ ಮಿತವಾದ ಛತ್ರಿ ಹುಲ್ಲು, ಬಚ್ಚಲ ನೀರಿನ ಪಾತಿಯಲ್ಲಿ ಕಾಬಾಳೆ: ಹೀಗೆ ಒಂದೊಂದಕ್ಕೂ ತಕ್ಕ ಸ್ಥಳವನ್ನು ಕೊಟ್ಟರೆ ಈ ಬಳಗದಿಂದ ಮನೆಗೂ ಊರಿಗೂ ಉಪಕಾರವೇ ಆಗುತ್ತದೆ. ಈ ಸಲದ ಮುಂಗಾರಿನಲ್ಲಿ ಒಂದು ಕಾಬಾಳೆಯ ಗೆಡ್ಡೆಯನ್ನು ನೆಡುವವರು, ಅದರ ಮಿಕ್ಕ ತುಂಡುಗಳನ್ನು ಎಲ್ಲಿ ಹಾಕಬೇಕೆಂಬುದನ್ನೂ ಅಂದೇ ಗೊತ್ತುಮಾಡಿಕೊಳ್ಳಲಿ.